ಆತ್ಮಕೂರಿನಲ್ಲಿ ಎರಡು ರಾತ್ರಿ

ಪ್ರಸಾದಿಸ್ಥಲದ ವಿವೇಚನೆಯನ್ನು ಈ ಸಂಚಿಕೆಯಲ್ಲಿ ಮುಂದುವರಿಸುವುದಾಗಿ ಮಾತು ಕೊಟ್ಟಿದ್ದೆವು. ಅದನ್ನು ಒಂದು ತಿಂಗಳ ಮಟ್ಟಿಗೆ ಮುಂದಕ್ಕೆ ಹಾಕಿ ಬೇರೊಂದು ಸಂಗತಿಯನ್ನು ಅರುಹಬೇಕೆಂದಿದ್ದೇವೆ. 2025ರ ಯುಗಾದಿಗೆ ಮುನ್ನ ನಾವು ಶ್ರೀಶೈಲದ ಕಾಡುಹಾದಿಗೆ ಹೆಬ್ಬಾಗಿಲಿನಂತಿರುವ ಆತ್ಮಕೂರಿನಲ್ಲಿ ಎರಡು ರಾತ್ರಿ ತಂಗಿದ್ದೆವು. ಅಲ್ಲಿ ಕಂಡುದನ್ನು ಬರೆಯಲು ಇಷ್ಟು ದಿನ ಕೈ ಏಳಲಿಲ್ಲ.

ಪಾದಯಾತ್ರೆಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಏನೆಂಬುದು ಈ ಪುಟಗಳನ್ನು ಬಹುಕಾಲದಿಂದ ಓದುತ್ತಿರುವವರಿಗೆ ತಿಳಿದದ್ದೇ. ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸಿದವರು ದೂರದ ಗುಡ್ಡದ ದೇವರನ್ನು ಅರಸಿ ಹೋಗುವುದೇತಕ್ಕೆ ಎಂದು, ಮಠದಲ್ಲಿ ಗುರುಗಳ ಮುಂದೆ ಕುಳಿತು ಓದಿದ ದಿನಗಳಿಂದಲೂ ಕೇಳುತ್ತ ಬಂದವರು ನಾವು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಿಜಯಂಗೈದು, ಕೆರೆ ತೋಡಿಸುವುದರಲ್ಲಿ, ಗುಡಿ ಕಟ್ಟಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮೇಶ್ವರರನ್ನು ಕೆಣಕುವ ಪ್ರಸಂಗವಿದೆಯಷ್ಟೆ. ಪ್ರವಚನದಲ್ಲಿ ಅದನ್ನು ಹೇಳುವಾಗ ನಮಗೆ ಒಳಗೊಳಗೇ ಒಂದು ಹಿಗ್ಗು. ಸ್ಥಾವರವನ್ನು ಖಂಡಿಸುವ ಅಧಿಕಾರ ಪ್ರಭುದೇವರಿಂದ ನೇರವಾಗಿ ನಮಗೇ ಬಂದಿತೇನೋ ಎಂಬಂತೆ ಧ್ವನಿ ಏರಿಸುತ್ತಿದ್ದೆವು.

ಕೆಲವು ವರ್ಷಗಳ ಹಿಂದೆ ಚಿಟಗುಪ್ಪದಲ್ಲಿ ಶ್ರಾವಣ ಮಾಸದ ಪ್ರವಚನ ನಡೆದಿತ್ತು. ಒಂದು ರಾತ್ರಿ ಮಂಗಲವಾದ ಮೇಲೆ ಊರಿನ ವೃದ್ಧ ತಾಯಿಯೊಬ್ಬರು ಬಳಿಗೆ ಬಂದು ಕೈಮುಗಿದು ನಿಂತರು. "ಅಪ್ಪಾರ, ನಂದೊಂದು ಆಸಿ ಅದರಿ. ಮಲ್ಲಯ್ಯನ ಗುಡ್ಡಕ್ಕ ಒಮ್ಮೆ ನಡಕೋತ ಹೋಗಿ ಬರಬೇಕು. ಮನ್ಯಾಗ ಯಾರೂ ಹೂಂ ಅನ್ನವಲ್ಲರು. ನೀವು ಒಂದ್ ಮಾತ್ ಹೇಳಿದ್ರ ಕಳಸ್ತಾರ" ಎಂದರು. ಆಗ ಅವರ ಕಾಲಲ್ಲಿ ಕಸುವಿತ್ತು. ನಾವು "ನೋಡೋಣ ತಾಯಿ" ಎಂದು ಕಳುಹಿಸಿದೆವು. ಮರುದಿನದ ಪ್ರವಚನದಲ್ಲಿ ಹೆಸರೆತ್ತದೆಯೇ ಅವರ ಮಾತನ್ನು ದೃಷ್ಟಾಂತವಾಗಿ ಬಳಸಿಕೊಂಡೆವು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆಯುವವರು ಎಂದೆವು. ಸಭೆ ನಕ್ಕಿತು. ಹೆಣ್ಣುಮಕ್ಕಳ ಸಾಲಿನಲ್ಲಿ ಅವರು ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡುದು ನಮಗೆ ಕಾಣದೆ ಇರಲಿಲ್ಲ. ಮತ್ತೆಂದೂ ಅವರು ಆ ಮಾತೆತ್ತಲಿಲ್ಲ. ಮನೆಯವರಿಗೆ ಮಾತ್ರ ನಮ್ಮ ಮಾತು ಒಳ್ಳೆಯ ಆಧಾರವಾಯಿತು. ಈಗ ಆ ತಾಯಿಯ ಎರಡೂ ಮೊಣಕಾಲು ಹೋಗಿವೆ. ಕೋಲು ಹಿಡಿದು ಕಟ್ಟೆಯವರೆಗೆ ಬಂದರೆ ಅದೇ ಹೆಚ್ಚು.

ಆತ್ಮಕೂರಿಗೆ ಹೊರಡಲು ನೆಪವಾದದ್ದು ಅಮೆರಿಕೆಯಿಂದ ಬಂದ ಒಂದು ಪತ್ರ. ನಮ್ಮ ಸೀಮೆಯ ಕುಟುಂಬವೊಂದು ವರ್ಜೀನಿಯಾ ರಾಜ್ಯದಲ್ಲಿ ನೆಲೆಸಿದೆ. ಆ ಮನೆಯ ತರುಣ ತಾನು ಕಂಡ ಒಂದು ಉತ್ಸವದ ವಿಚಾರ ಬರೆದಿದ್ದ. ಅಲ್ಲಿ ಡಮಾಸ್ಕಸ್ ಎಂಬ ಪುಟ್ಟ ಊರು. ಒಂದು ಸಾವಿರಕ್ಕೂ ಕಡಿಮೆ ಜನ. ಜಾರ್ಜಿಯಾದಿಂದ ಮೇನ್ ರಾಜ್ಯದವರೆಗೆ ಹದಿನಾಲ್ಕು ರಾಜ್ಯಗಳನ್ನು ಹಾದು ಸುಮಾರು 3,500 ಕಿಲೋಮೀಟರು ಉದ್ದಕ್ಕೆ ಅಪಲೇಚಿಯನ್ ಬೆಟ್ಟಸಾಲಿನಲ್ಲಿ ಒಂದು ಕಾಲುದಾರಿ ಇದೆಯಂತೆ. ಅದು ಈ ಊರಿನ ನಡುಬೀದಿಯಲ್ಲೇ ಹಾದುಹೋಗುತ್ತದೆ. 1987ರಿಂದ ಪ್ರತಿ ಮೇ ತಿಂಗಳಲ್ಲಿ ನಡಿಗೆಯವರೆಲ್ಲ ಅಲ್ಲಿ ಕೂಡುತ್ತಾರೆ, ಸಾವಿರಗಟ್ಟಲೆ. ಚರ್ಚುಗಳವರು ಅವರಿಗೆ ಊಟವಿಕ್ಕುತ್ತಾರೆ, ಗಾಯಗೊಂಡ ಕಾಲುಗಳನ್ನು ತೊಳೆದು ಉಪಚರಿಸುತ್ತಾರೆ. ಯಾವ ದೇವರ ದರ್ಶನಕ್ಕೂ ಹೊರಟವರಲ್ಲ, ನಡೆಯುವುದಕ್ಕಾಗಿಯೇ ನಡೆಯುವವರು. "ನಮ್ಮಲ್ಲಿ ಇಂತಹ ಊರೊಂದು ಇದೆಯೆ?" ಎಂದು ಆ ತರುಣ ಕೇಳಿದ್ದ.

ಇದೆ ಎಂದು ಉತ್ತರ ಬರೆಯಲು ಕುಳಿತಾಗ, ಆತ್ಮಕೂರಿನ ಹೆಸರನ್ನು ನೂರು ಬಾಯಿಂದ ಕೇಳಿಯೂ ಒಮ್ಮೆಯೂ ಕಣ್ಣಾರೆ ಕಂಡಿಲ್ಲವೆಂಬುದು ನೆನಪಾಯಿತು. ಕಾಣದುದನ್ನು ಖಂಡಿಸುವುದು ಸುಲಭವಾಗಿತ್ತು. ಕಾಣದೆ ವರ್ಣಿಸುವುದು ಆಗಲಿಲ್ಲ.

ನಾವು ಹೊರಡುವ ಸುದ್ದಿ ಹೇಗೋ ಆ ತಾಯಿಗೆ ಮುಟ್ಟಿತು. ಮೊಮ್ಮಗನ ಹೆಗಲು ಹಿಡಿದು ಬಂದರು. ಕೈಯಲ್ಲೊಂದು ಅರಿವೆಯ ಗಂಟು. ಒಳಗೆ ಹಸಿರು ಖಣ, ಒಂದು ಹಿಡಿ ಉಡಿಯಕ್ಕಿ, ಐದು ಅಡಿಕೆ, ಅರಿಷಿಣದ ಕೊಂಬು, ಕೊಬ್ಬರಿ ಬಟ್ಟಲು. "ಗುಡ್ಡ ಬ್ಯಾಡ ಅಂದ್ರಿ, ನಾ ಬಿಟ್ಟೀನಿ ಅಪ್ಪಾರ. ಇದು ಮಗಳ ಉಡಿ ಅದರಿ. ನಡಕೋತ ಹೋಗೋರ ಕೈಯಾಗ ಕೊಡ್ರಿ. ಮೋಟಾರಿನ್ಯಾಗ ಹೋಗೋರಿಗಿ ಬ್ಯಾಡ್ರಿ" ಎಂದರು. ಭ್ರಮರಾಂಬೆಯನ್ನು ಕನ್ನಡ ನಾಡಿನವರು ತಮ್ಮ ಮನೆಯ ಹೆಣ್ಣುಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸುತ್ತಾರೆ. ಯುಗಾದಿಗೆ ಅವರು ಹೋಗುವುದು ಮಗಳ ಮನೆಗೆ ಹಬ್ಬದ ಬುತ್ತಿ ಒಯ್ದಂತೆ. ಇದನ್ನು ಪುಸ್ತಕದಲ್ಲಿ ಓದಿ ಬಲ್ಲೆವು. ಆ ಗಂಟು ಕೈಗೆ ಬಂದಾಗ ಮಾತ್ರ ಏನು ಹೇಳುವುದೆಂದು ತೋಚಲಿಲ್ಲ.

ಮನ್ನಾಎಖೇಳ್ಳಿಯಲ್ಲಿ ಹೆದ್ದಾರಿಗೆ ಸೇರಿ ಜಹೀರಾಬಾದು, ಹೈದರಾಬಾದು, ಕರ್ನೂಲು, ನಂದಿಕೋಟ್ಕೂರು ಮಾರ್ಗವಾಗಿ ಆತ್ಮಕೂರು ತಲುಪಿದೆವು. ಇದೇ ಹೆದ್ದಾರಿಯಲ್ಲಿ ಪಡುವಣಕ್ಕೆ, ಹುಮನಾಬಾದು ದಾಟಿ ಬಸವಕಲ್ಯಾಣದ ಕೂಟಾದ ಸಸ್ತಾಪುರ ಬಂಗ್ಲಾದ ಮುಂದೆ, ಸೀಗೆಹುಣ್ಣಿಮೆಯ ಸುಮಾರಿಗೆ ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುವವರ ಸಾಲನ್ನು ನಮ್ಮ ಭಾಗದವರೆಲ್ಲ ಕಂಡವರೇ. ನಡಿಗೆ ನಮ್ಮ ನೆಲಕ್ಕೆ ಹೊಸದಲ್ಲ. ಆಂಧ್ರ ತೆಲಂಗಾಣಗಳಲ್ಲಿ ಆತ್ಮಕೂರು ಎಂಬ ಊರುಗಳು ಹಲವಿವೆ. ನಾವು ಹೇಳುತ್ತಿರುವುದು 2022ರ ಏಪ್ರಿಲ್‌ವರೆಗೆ ಕರ್ನೂಲು ಜಿಲ್ಲೆಯಲ್ಲಿದ್ದು, ಆಮೇಲೆ ನಂದ್ಯಾಲ ಜಿಲ್ಲೆಗೆ ಸೇರಿದ ಊರನ್ನು. ಇಲ್ಲಿಂದ ದೋರ್ನಾಲ ಬಳಸಿ ರಸ್ತೆಯ ಮೇಲೆ ಹೋದರೆ ಶ್ರೀಶೈಲ ನೂರು ಕಿಲೋಮೀಟರಿಗೂ ಮಿಕ್ಕು. ಕಾಲುದಾರಿ ಅದರ ಅರ್ಧದಷ್ಟೂ ಇಲ್ಲ. ವೆಂಕಟಾಪುರದಲ್ಲಿ ಕಾಡು ಹೊಕ್ಕು, ನಾಗಲೂಟಿಯ ವೀರಭದ್ರನ ಗುಡಿ, ಪೆಚ್ಚೆರುವು, ಭೀಮನ ಕೊಳ್ಳ ಇವುಗಳನ್ನು ದಾಟಿ ಕೈಲಾಸದ್ವಾರವನ್ನು ಏರಿದರೆ ಶಿಖರದ ಊರು. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ರಾಜ್ಯವನ್ನು ಸ್ಥಾಪಿಸಿದ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲು ಕಟ್ಟಿಸಿದನೆಂಬುದು ಇತಿಹಾಸ. ಅರಸರು ಕಲ್ಲು ಹಾಸುವುದಕ್ಕೆ ಮುಂಚೆಯೇ ಜನ ನಡೆದಿದ್ದರು. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನು ತೆಲುಗಿನ ಪಂಡಿತಾರಾಧ್ಯ ಚರಿತ್ರೆಯಲ್ಲಿ ಪರ್ವತ ಪ್ರಕರಣವೆಂದು ಒಂದು ಭಾಗವನ್ನೇ ಈ ಯಾತ್ರಿಕರಿಗಾಗಿ ಮೀಸಲಿಟ್ಟಿದ್ದಾನೆ.

ನಮ್ಮ ರಾಘವಾಂಕನೂ ಸಿದ್ಧರಾಮ ಚರಿತ್ರೆಯಲ್ಲಿ ಅವರನ್ನು ಕಾಣಿಸಿದ್ದಾನೆ. ಹೊಲ ಕಾಯುತ್ತಿದ್ದ ಬಾಲಕ ಸಿದ್ಧರಾಮನ ಮುಂದೆ ಮಲ್ಲಯ್ಯನು ಜಂಗಮನಾಗಿ ಬಂದು ಉಣಿಸು ಬೇಡುತ್ತಾನೆ. ಹುಡುಗ ಮನೆಗೆ ಓಡಿ ತಾಯಿಯಿಂದ ಬುತ್ತಿ ತರುವಷ್ಟರಲ್ಲಿ ಕಣ್ಮರೆಯಾಗುತ್ತಾನೆ. ಮಲ್ಲಯ್ಯಾ ಎಂದು ಅಳುತ್ತ ಹೊರಟ ಮಗುವಿಗೆ ದಾರಿಯಲ್ಲಿ ಶ್ರೀಶೈಲಕ್ಕೆ ಹೋಗುವ ತಂಡ ಸಿಗುತ್ತದೆ. ಬಾ, ನಿನ್ನ ಮಲ್ಲಯ್ಯನನ್ನು ತೋರಿಸುತ್ತೇವೆ ಎಂದು ಅವರು ಕರೆದೊಯ್ಯುತ್ತಾರೆ. ಅಲ್ಲಿ ಲಿಂಗವನ್ನು ತೋರಿಸಿದರೆ, ಇವನಲ್ಲ ನನ್ನ ಮಲ್ಲಯ್ಯ ಎಂದು ಹುಡುಗ ಕೊಳ್ಳದತ್ತ ಓಡುತ್ತಾನೆ. ಅಲ್ಲಿ ಮಲ್ಲಯ್ಯ ಕೈಹಿಡಿಯುತ್ತಾನೆ, ಊರಿಗೆ ಮರಳಿ ಸೊನ್ನಲಿಗೆಯನ್ನೇ ಶ್ರೀಶೈಲವಾಗಿಸು ಎನ್ನುತ್ತಾನೆ. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಹೇಳುವಾಗಲೆಲ್ಲ, ಗುಡಿಯ ಲಿಂಗವನ್ನು ಹುಡುಗ ಒಪ್ಪಲಿಲ್ಲವೆಂಬುದನ್ನೇ ಎತ್ತಿ ಹಿಡಿಯುತ್ತಿದ್ದೆವು. ಆ ತಂಡವನ್ನು ಒಂದೇ ವಾಕ್ಯದಲ್ಲಿ ದಾಟಿಸಿಬಿಡುತ್ತಿದ್ದೆವು. ಪರಿಚಯವಿಲ್ಲದ, ಅಳುವ ಮಗುವೊಂದನ್ನು ಅಷ್ಟು ದೂರ ಉಣಿಸಿ, ಎತ್ತಿ, ನಡೆಸಿ ಕರೆತಂದವರು ಅವರು. ಅವರಿಲ್ಲದಿದ್ದರೆ ಆ ಹುಡುಗ ಕೊಳ್ಳದ ಅಂಚಿಗೆ ತಲುಪುತ್ತಿರಲಿಲ್ಲ. ಮಲ್ಲಯ್ಯನ ಕೈಗೂ ಸಿಗುತ್ತಿರಲಿಲ್ಲ. ಈ ವಿಚಾರ ನಮಗೆ ಹೊಳೆದದ್ದು ಆತ್ಮಕೂರಿನ ಮೊದಲ ರಾತ್ರಿ, ಒಂದು ಶಾಮಿಯಾನದ ಕೆಳಗೆ.

ನಾವು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಪೇಟೆಯ ಬೀದಿಯಲ್ಲಿ ತೆಲುಗಿಗಿಂತ ಕನ್ನಡವೇ ಹೆಚ್ಚು ಕೇಳಿಸುತ್ತಿತ್ತು. ಅದೂ ನಮ್ಮ ಬೀದರ ಸೀಮೆಯ ಕನ್ನಡವಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕನ್ನಡ. ಅಥಣಿ, ಜಮಖಂಡಿ, ರಬಕವಿ ಕಡೆಯಿಂದ ಹೋಳಿಹುಣ್ಣಿಮೆಯ ಆಸುಪಾಸಿನಲ್ಲಿ ಹೊರಟವರು ರಾಯಚೂರು ದಾಟಿ ಅಲ್ಲಿಗೆ ಮುಟ್ಟಿದ್ದರು. ಹೆಗಲ ಮೇಲೆ ಮಲ್ಲಯ್ಯನ ಕಂಬಿ ಹೊತ್ತವರು, ತಲೆಯ ಮೇಲೆ ಹಾಸಿಗೆಯ ಸುರುಳಿ ಇಟ್ಟುಕೊಂಡವರು, ಕಾಲಿಗೆ ಗೋಣಿಚೀಲದ ತುಂಡು ಕಟ್ಟಿಕೊಂಡವರು. ಹಿಂದೆ ಬುತ್ತಿಯ ಟ್ರ್ಯಾಕ್ಟರು. ಅದರಲ್ಲಿ ಖಡಕ್ ರೊಟ್ಟಿಯ ಗಂಟುಗಳು, ಶೇಂಗಾ ಹಿಂಡಿಯ ಡಬ್ಬಿಗಳು. ಅಂಗಡಿಕಾರರು ಕಟ್ಟೆಗಳನ್ನು ತೊಳೆದು ಮಲಗಲು ಬಿಟ್ಟುಕೊಟ್ಟಿದ್ದರು. ನಾವು ಇಳಿದಿದ್ದ ಓಣಿಯಲ್ಲಿ ಒಬ್ಬ ಮುಸಲ್ಮಾನ ವೃದ್ಧರು ತಮ್ಮ ಬಾಗಿಲಿಗೆ ಎರಡು ಹರವಿ ನೀರಿಟ್ಟು, ಖಾಲಿಯಾದಂತೆ ತುಂಬುತ್ತ ಕುಳಿತಿದ್ದರು. ಅವರಿಗೆ ಕನ್ನಡ ಬಾರದು. "ನೀಳ್ಳು, ನೀಳ್ಳು" ಎಂದು ಕರೆಯುತ್ತಿದ್ದರು. ಯಾರಿಗೂ ಅರ್ಥ ಹೇಳಬೇಕಾಗಿರಲಿಲ್ಲ.

ಶಾಮಿಯಾನದಲ್ಲಿ ಅನ್ನದಾಸೋಹ. ಅದರ ಬದಿಗೆ ಇನ್ನೊಂದು ಚಪ್ಪರದಲ್ಲಿ ಕಾಲಿನ ದಾಸೋಹ. ಬೇರೆ ಹೆಸರು ನಮಗೆ ತೋಚದು. ಸಾಲಾಗಿ ಕಟ್ಟಿಗೆಯ ಬೆಂಚುಗಳು. ಅವುಗಳ ಮೇಲೆ ಕಾಲು ಚಾಚಿ ಕುಳಿತ ಯಾತ್ರಿಕರು. ಕೆಳಗೆ ನೆಲದ ಮೇಲೆ ಕುಳಿತ ಹುಡುಗರು. ಬಿಸಿನೀರಿನಿಂದ ಕಾಲು ತೊಳೆದು, ಅಂಗಾಲಿನ ಗುಳ್ಳೆಗಳನ್ನು ಒರೆಸಿ, ಮುಲಾಮು ಹಚ್ಚಿ, ಮೀನಖಂಡಗಳಿಗೆ ಎಣ್ಣೆ ತಿಕ್ಕುತ್ತಿದ್ದರು. ನೇಕಾರ ಮನೆತನದ ತರುಣನೊಬ್ಬ, ಏಳು ವರ್ಷ ನಡೆದು ಈಗ ಮೂರು ವರ್ಷಗಳಿಂದ ನಡೆಯುವವರ ಕಾಲೊತ್ತಲೆಂದೇ ಬರುತ್ತಿರುವವನಂತೆ, ನಮ್ಮ ವಿಭೂತಿ ರುದ್ರಾಕ್ಷಿ ನೋಡಿಯೂ ಯಾವ ಸಂಕೋಚವಿಲ್ಲದೆ, "ಅಪ್ಪಾರ, ಖಾಲಿ ನಿಂತೀರಿ, ಒಂದೀಟು ನೀರ ಹಾಕ್ರಿ" ಎಂದ. ಚೆಂಬು ಕೈಗಿತ್ತ. ನಾವು ನೀರು ಹಾಕಿದೆವು, ಅವನು ತೊಳೆದ. ಮುದುಕರ ಕಾಲು, ಹುಡುಗರ ಕಾಲು, ಹೊಲದ ಕೆಲಸದಿಂದ ಸೀಳುಬಿಟ್ಟ ಹೆಂಗಸರ ಕಾಲು. ಪಾದೋದಕದ ವಿಷಯವಾಗಿ ನಲವತ್ತು ವರ್ಷಗಳಿಂದ ಮಾತಾಡುತ್ತಿದ್ದೇವೆ. ಮಧ್ಯರಾತ್ರಿಯ ಹೊತ್ತಿಗೆ ಬೆನ್ನು ಹಿಡಿದುಕೊಂಡಿತು. ಅಷ್ಟು ಕಾಲುಗಳನ್ನು ಅಷ್ಟು ಹತ್ತಿರದಿಂದ ನಾವು ಎಂದೂ ನೋಡಿದವರಲ್ಲ. ಭೃತ್ಯಾಚಾರವೆಂಬ ಪದಕ್ಕೆ ನಮ್ಮಲ್ಲಿದ್ದ ವ್ಯಾಖ್ಯಾನ ತಪ್ಪೇನೂ ಅಲ್ಲ. ಅದು ಒಣಗಿತ್ತು, ಅಷ್ಟೆ.

ಎರಡನೆಯ ದಿನ ಬೆಳಗಿನ ಜಾವ ಅಥಣಿ ಕಡೆಯ ಹೆಣ್ಣುಮಕ್ಕಳ ಗುಂಪೊಂದು ಕೊಳಾಯಿಯ ಬಳಿ ಮಿಂದು, ಶಾಲೆಯೊಂದರ ಜಗಲಿಯ ಮೇಲೆ ಸಾಲಾಗಿ ಕುಳಿತು, ಕರಡಿಗೆ ಬಿಚ್ಚಿ ಇಷ್ಟಲಿಂಗ ಪೂಜೆ ಮಾಡಿಕೊಳ್ಳುತ್ತಿದ್ದುದನ್ನು ಕಂಡೆವು. ಪೂಜೆ ಮುಗಿಯುವವರೆಗೆ ಕಾದು, ಗುಂಪಿನ ಹಿರಿಯರನ್ನು ನಮ್ಮ ಹಳೆಯ ಪ್ರಶ್ನೆಯನ್ನೇ ಕೇಳಿದೆವು: ಲಿಂಗ ಅಂಗೈಯಲ್ಲೇ ಇರುವಾಗ ಗುಡ್ಡಕ್ಕೆ ಏಕೆ, ತಾಯಿ? ಅವರು ನಮ್ಮನ್ನು ಒಮ್ಮೆ ನೋಡಿ, "ಲಿಂಗ ಬಿಟ್ಟ ಹೊಂಟಿಲ್ಲಲ್ರೀ ಅಪ್ಪಾರ. ನಮ್ಮ ಜೋಡೀನ ನಡದೈತಿ" ಎಂದರು. ತುಸು ತಡೆದು, "ವರ್ಷದಾಗ ಈ ಹದಿನೈದ ದಿನಾನ ನೋಡ್ರಿ ನನಗ ಯಾರೂ ಒಲಿ ಮುಂದಿಂದ ಕರೆಯಂಗಿಲ್ಲ" ಎಂದರು. ಪಕ್ಕದವರು ನಕ್ಕರು. ಅವರಲ್ಲೊಬ್ಬಳು ಕಳೆದ ವರ್ಷ ಗಂಡನನ್ನು ಕಳೆದುಕೊಂಡವಳು. ಮನೆಯಿಂದ ಹೊರಗೆ ಕಾಲಿಟ್ಟದ್ದು ಅದೇ ಮೊದಲಂತೆ. ಮತ್ತೊಬ್ಬಳು ಅತ್ತೆಯ ಹರಕೆ ತೀರಿಸಲು ಬಂದವಳು. ಅತ್ತೆಯೂ ಜೊತೆಯಲ್ಲೇ ಬಂದಿದ್ದು, ಸೊಸೆಗಿಂತ ಮುಂದೆ ನಡೆಯುತ್ತಿದ್ದಳೆಂದು ದೂರು. ಕಲ್ಯಾಣಕ್ಕೆ ನಾಡಿನ ಮೂಲೆಮೂಲೆಗಳಿಂದ ಬಂದ ಶರಣರು, ಕಾಶ್ಮೀರದಿಂದ ಬಂದರೆನ್ನುವ ಮೋಳಿಗೆಯ ಮಾರಯ್ಯನವರು, ಕಲ್ಯಾಣದಿಂದ ಕದಳಿಗೆ ಹೊರಟ ಅಕ್ಕಮಹಾದೇವಿಯವರು, ಎಲ್ಲರೂ ನಡೆದೇ ಬಂದವರು, ನಡೆದೇ ಹೋದವರು. ಜಂಗಮ ಶಬ್ದಕ್ಕೆ ಚಲಿಸುವುದೆಂಬ ಅರ್ಥವನ್ನು ಮಕ್ಕಳಿಗೆ ಹೇಳಿಕೊಡುವ ನಾವು, ಈ ಹೆಣ್ಣುಮಕ್ಕಳ ಚಲನೆಯನ್ನು ಮಾತ್ರ ಸ್ಥಾವರದ ಖಾತೆಗೆ ಬರೆದಿದ್ದೆವು.

ಹಾಗೆಂದು ಅಲ್ಲಿ ಕಂಡುದೆಲ್ಲವನ್ನೂ ಮೆಚ್ಚಿದೆವೆಂದು ತಿಳಿಯಬಾರದು. ರಾತ್ರಿಯೆಲ್ಲ ಧ್ವನಿವರ್ಧಕ ಹಚ್ಚಿ ನಿದ್ದೆ ಕೆಡಿಸುವ ವಾಹನಗಳ ಅಬ್ಬರ ಸಲ್ಲದು. ಮರಗಾಲು ಕಟ್ಟಿಕೊಂಡು ನಡೆಯುವವರ ಸಾಹಸ ದೊಡ್ಡದೇ. ಆದರೆ ಸುತ್ತ ನೆರೆದವರ ಚಪ್ಪಾಳೆಗಾಗಿ ಅದು ಬೆಳೆಯುತ್ತಿದೆಯೇ ಎಂಬ ಅನುಮಾನ ನಮ್ಮದು. ಮುಂದಿನ ಕಾಡು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ, ವಿಸ್ತಾರದಲ್ಲಿ ದೇಶದಲ್ಲೇ ದೊಡ್ಡದು. ಚೆಂಚು ಜನರ ತವರು. ಮಲ್ಲಯ್ಯನು ಬೇಡನಾಗಿ ಬಂದು ತಮ್ಮ ಹುಡುಗಿಯನ್ನು ವರಿಸಿದನೆಂದು, ಆತನನ್ನು ಚೆಂಚು ಮಲ್ಲಯ್ಯನೆಂದು ಕರೆಯುವ ಜನ ಅವರು. ಅವರಿಗೂ ಆತ ಅಳಿಯನೇ. ಶಿವರಾತ್ರಿ, ಯುಗಾದಿಗಳಲ್ಲಿ ಮಾತ್ರ ಅರಣ್ಯ ಇಲಾಖೆಯವರು ಈ ದಾರಿಯನ್ನು ಯಾತ್ರಿಕರಿಗೆ ಬಿಡುತ್ತಾರೆ. ಅಂತಹ ಕಾಡಿನಲ್ಲಿ ನೀರಿನ ಪೊಟ್ಟಣ, ಪ್ಲಾಸ್ಟಿಕ್ ತಟ್ಟೆ ಚೆಲ್ಲಿ ಹೋಗುವುದು ಬೀಗರ ಅಂಗಳದಲ್ಲಿ ಕಸ ಚೆಲ್ಲಿದಂತೆ. ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ನಡೆಯಕೂಡದೆಂದು ಚಪ್ಪರದ ವೈದ್ಯರೊಬ್ಬರು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು, ಕೇಳುವವರು ಕಡಿಮೆ. ನಮ್ಮ ಓದುಗರಾದರೂ ಕೇಳಬೇಕು. ಮರದ ಆವುಗೆಯನ್ನೋ ಚಪ್ಪಲಿಯನ್ನೋ ಮೆಟ್ಟಿ ನಡೆದರೆ ಮಲ್ಲಯ್ಯ ಮುನಿಯಲಾರ.

ಮೂರನೆಯ ದಿನ ನಸುಕಿನಲ್ಲಿ ಟಂಟಂ ಗಾಡಿಯೊಂದರಲ್ಲಿ ವೆಂಕಟಾಪುರದವರೆಗೆ ಹೋದೆವು. ಕಾಡಿನ ಅಂಚಿನಲ್ಲಿ ಯಾತ್ರಿಕರು ಚೀಲ ತಪಾಸಣೆಗೆ ಸಾಲುಗಟ್ಟಿದ್ದರು. ಮುಂದೆ ನಡೆಯಲು ನಮ್ಮ ವಯಸ್ಸೂ ಬೆನ್ನೂ ಒಪ್ಪಲಿಲ್ಲ. ಅಥಣಿಯ ಆ ಹಿರಿಯ ತಾಯಿ ಸಾಲಿನಲ್ಲಿ ಕಂಡರು. ಗಂಟನ್ನು ಅವರ ಕೈಗಿತ್ತು ವಿಷಯ ತಿಳಿಸಿದೆವು. ನಮ್ಮೂರ ಒಬ್ಬ ತಾಯಿ ಕೊಟ್ಟದ್ದು. ನಡೆದು ಬರುವ ಆಸೆ ಇತ್ತು, ಆಗಲಿಲ್ಲ ಎಂದೆವು. ಏಕೆ ಆಗಲಿಲ್ಲವೆಂದು ಹೇಳಲಿಲ್ಲ. ಅವರು ಗಂಟನ್ನು ಕಣ್ಣಿಗೊತ್ತಿಕೊಂಡು, "ಯಾರ ಹೆಸರಲೆ ಉಡಿ ತುಂಬಲಿ ಅಪ್ಪಾರ?" ಎಂದು ಕೇಳಿದರು.

ನಮಗೆ ಹೆಸರು ಗೊತ್ತಿರಲಿಲ್ಲ. ಅವರ ಮಗನ ಹೆಸರು ಗೊತ್ತು, ಮೊಮ್ಮಗನ ಹೆಸರು ಗೊತ್ತು, ಮನೆತನದ ಅಡ್ಡಹೆಸರು ಗೊತ್ತು. ಇಂಥವರ ತಾಯಿ, ಇಂಥವರ ಅಜ್ಜಿ ಎಂದೇ ಇಷ್ಟು ವರ್ಷ ಕಂಡಿದ್ದೆವು. ತುಂಬಿದ ಸಭೆಯ ಮುಂದೆ ನಗೆಪಾಟಲು ಮಾಡಿದ್ದ ಆ ಜೀವದ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. ಸಾಲು ಮುಂದಕ್ಕೆ ಸರಿಯುತ್ತಿತ್ತು. ಅಥಣಿಯ ತಾಯಿ ನಮ್ಮ ಮುಖ ನೋಡಿ, "ಇರಲಿ ಬಿಡ್ರಿ. ಚಿಟಗುಪ್ಪಿ ಅವ್ವ ಅಂತ ಹೇಳತೇನಿ. ಅಕಿಗೆ ಗೊತ್ತಾಗತೈತಿ" ಎಂದು ಗಂಟನ್ನು ತಮ್ಮ ಉಡಿಯಲ್ಲಿ ಕಟ್ಟಿಕೊಂಡು ನಡೆದರು. ಗುಂಪು ಮರಗಳ ನಡುವೆ ತಿರುಗಿ ಕಾಣದಾಯಿತು. ಮಲ್ಲಯ್ಯನನ್ನು ಕೂಗುವ ದನಿ ಮಾತ್ರ ಬಹಳ ಹೊತ್ತು ಕೇಳಿಸುತ್ತಿತ್ತು.

ಸಭೆಯಲ್ಲಿ ಆಡಿದ ಮಾತನ್ನು ಸಭೆಯಲ್ಲೇ ಹಿಂದಕ್ಕೆ ಪಡೆಯಬೇಕು. ಅಂದು ಚಿಟಗುಪ್ಪದಲ್ಲಿ ಆಡಿದ ಬೆಣ್ಣೆ ತುಪ್ಪದ ಮಾತನ್ನು ಇಲ್ಲಿ, ಎಲ್ಲ ಬಂಧುಗಳ ಎದುರಿಗೆ, ಹಿಂದಕ್ಕೆ ಪಡೆಯುತ್ತಿದ್ದೇವೆ. ಇಷ್ಟಲಿಂಗವೇ ಸರ್ವಸ್ವವೆಂಬ ತತ್ತ್ವವನ್ನು ಹಿಂದಕ್ಕೆ ಪಡೆಯುತ್ತಿಲ್ಲ. ಅದನ್ನ ಆ ತಾಯಿಯೂ ಎಂದೂ ಅಲ್ಲಗಳೆದಿರಲಿಲ್ಲ.

ಊರಿಗೆ ಬಂದ ದಿನವೇ ಸಂಜೆ ಅವರ ಮನೆಗೆ ಹೋದೆವು. ಅವರು ಕಟ್ಟೆಯ ಮೇಲೆ ಕುಳಿತು ಕಡಲೆ ಹಸನು ಮಾಡುತ್ತಿದ್ದರು. ಉಡಿಯ ಗಂಟು ನಡೆಯುವವರ ಕೈ ಸೇರಿತೆಂದು ತಿಳಿಸಿ, ನಮ್ಮ ತಪ್ಪನ್ನೂ ಒಪ್ಪಿಕೊಂಡು, "ತಾಯಿ, ನಿಮ್ಮ ಹೆಸರೇನು?" ಎಂದು ಕೇಳಿದೆವು. ಅವರಿಗೆ ನಗು ಬಂದಿತು. "ಈಗ್ಯಾಕ ಬೇಕ್ರಿ ಅಪ್ಪಾರ, ಈ ವಯಸ್ಸಿನ್ಯಾಗ?" ಎಂದು, ಆಮೇಲೆ ಹೇಳಿದರು. ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದುದಕ್ಕೆ, "ಬ್ಯಾಡ್ರಿ, ಹುಡುಗುರು ನಗತಾವ" ಎಂದರು. ಮರವನ್ನು ಬದಿಗಿಟ್ಟು, ಕೈಕೊಡವಿಕೊಂಡು, "ಅದಿರಲಿ, ಹಾದಿ ಹ್ಯಾಂಗ ಅದ, ಅದು ಹೇಳ್ರಿ. ಮೊದಲಿಂದ ಹೇಳ್ರಿ" ಎಂದರು. ನಾವು ಕಟ್ಟೆಯ ಮೇಲೆ ಕುಳಿತು, ಆತ್ಮಕೂರಿನ ಹರವಿಯ ನೀರಿನಿಂದ ಮೊದಲುಮಾಡಿದೆವು.